ನೋವು ನುಡಿಸಿದ ನುಡಿ

ಪ್ರಶ್ನೆಯೆಂಬುದು ವಿನಯದಿಂದ ಹುಟ್ಟಿದ ವಸ್ತು. ಕೇಳುವವನು ತನಗೆ ತಿಳಿಯದೆಂಬುದನ್ನು ಮೊದಲು ಒಪ್ಪಿಕೊಂಡು, ತಿಳಿದವನ ಮುಂದೆ ಕೈಯೊಡ್ಡುತ್ತಾನೆ. ಶಿಷ್ಯನು ಗುರುವನ್ನು ಕೇಳುವುದೂ, ಮಗುವು ತಾಯಿಯನ್ನು ಕೇಳುವುದೂ, ದಾರಿಹೋಕನು ಊರ ಮುಂದಣ ಕಟ್ಟೆಯ ಮೇಲೆ ಕುಳಿತ ಮುದುಕನನ್ನು ಕೇಳುವುದೂ ಈ ಬಗೆಯಿಂದಲೇ. ಉಪನಿಷತ್ತುಗಳಲ್ಲಿ ಒಂದಕ್ಕೆ ಪ್ರಶ್ನೋಪನಿಷತ್ತೆಂದೇ ಹೆಸರು. ಅದರಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗುತ್ತಾರೆ. ಋಷಿಯು ಅವರನ್ನು ಒಂದು ವರುಷ ತನ್ನಲ್ಲಿ ನಿಲ್ಲಿಸಿಕೊಂಡು, ಆಮೇಲೆ ಅವರು ಕೇಳಿದುದನ್ನು ತನಗೆ ತಿಳಿದಿದ್ದ ಪಕ್ಷದಲ್ಲಿ ಹೇಳುವುದಾಗಿ ಮಾತು ಕೊಡುತ್ತಾನೆ. 'ತಿಳಿದಿದ್ದ ಪಕ್ಷದಲ್ಲಿ' ಎಂಬ ಈ ಒಂದು ನಿಬಂಧನೆಯಲ್ಲಿ ಸತ್ಯದ ಮರ್ಯಾದೆಯೆಲ್ಲ ಅಡಗಿದೆ. ಮಹರ್ಷಿಯಾದರೂ 'ನಾನರಿಯೆ' ಎನ್ನಬಹುದು. ಆ ಉತ್ತರಕ್ಕೆ ಎಡೆಯಿರುವಲ್ಲಿ ಮಾತ್ರವೇ ಉಳಿದ ಉತ್ತರಗಳಿಗೆ ಬೆಲೆ.

ಕೇಳುವವನ ಕೈಯಲ್ಲಿ ಸಮಿತ್ತಿಗೆ ಬದಲಾಗಿ ಚಾವಟಿಯಿದ್ದರೆ ಆಗುವುದೇನು? 'ನಾನರಿಯೆ' ಎಂಬ ಉತ್ತರವೊಂದನ್ನುಳಿದು ಮಿಕ್ಕ ಯಾವ ಉತ್ತರವನ್ನಾದರೂ ಸ್ವೀಕರಿಸುವೆನೆಂದು ಅವನು ಮೊದಲೇ ನಿಶ್ಚಯಿಸಿದ್ದರೆ ಗತಿಯೇನು? ಈ ಸಂದೇಹವನ್ನೇ ಕಥೆಯಾಗಿ ಹೆಣೆದು ತೋರಿಸುವ ಚಲಚ್ಚಿತ್ರವೊಂದು ೨೦೦೭ನೆಯ ಇಸವಿಯಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರ ಹೆಸರು 'ರೆಂಡಿಷನ್'. ನಿರ್ದೇಶಕರು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗ್ಯಾವಿನ್ ಹುಡ್. ಇವರ ಹಿಂದಿನ ಚಿತ್ರವಾದ 'ತ್ಸೊತ್ಸಿ'ಗೆ ಪರಭಾಷಾ ಚಿತ್ರಗಳಿಗೆ ಸಲ್ಲುವ ಆಸ್ಕರ್ ಪಾರಿತೋಷಕವು ದೊರೆತಿತ್ತು. 'ರೆಂಡಿಷನ್' ನೋಡುಗರನ್ನು ಕುತೂಹಲದಿಂದ ಹಿಡಿದು ನಿಲ್ಲಿಸುವ ರಾಜಕೀಯ ಕಥಾನಕ. ಆದರೆ ನೋಡಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವುದು ಕುತೂಹಲವಲ್ಲ.

ಹೆಸರಿನ ಅರ್ಥವನ್ನು ಮೊದಲು ಹೇಳಬೇಕು. ನಿಘಂಟನ್ನು ತೆರೆದರೆ ಆ ಶಬ್ದಕ್ಕೆ 'ಒಪ್ಪಿಸುವಿಕೆ' ಎಂಬ ಸೌಮ್ಯವಾದ ಅರ್ಥವೊಂದು ಕಾಣುತ್ತದೆ. ಅಧಿಕಾರಿಗಳ ಬಾಯಲ್ಲಿ ಅದಕ್ಕೆ 'ಅಸಾಧಾರಣ' ಎಂಬ ವಿಶೇಷಣವು ಸೇರಿತು. ಕಾರ್ಯದಲ್ಲಿ ಅದರ ರೂಪವು ಹೀಗೆ: ಸಂಶಯಕ್ಕೆ ಒಳಗಾದವನನ್ನು ಹಿಡಿಯುವುದು, ನ್ಯಾಯಾಧೀಶರ ಮುಂದೆ ನಿಲ್ಲಿಸದೆ, ಮನೆಯವರಿಗೆ ತಿಳಿಸದೆ, ಚಿತ್ರಹಿಂಸೆಗೆ ಹೇಸದ ಬೇರೊಂದು ರಾಜ್ಯಕ್ಕೆ ಗುಟ್ಟಾಗಿ ವಿಮಾನದಲ್ಲಿ ಸಾಗಿಸುವುದು, ಅಲ್ಲಿನವರ ಕೈಯಿಂದ ಬಾಯಿ ಬಿಡಿಸುವುದು. ಕೆಲಸವು ಆಗಬೇಕು, ತನ್ನ ಕೈ ಮಾತ್ರ ಮಡಿಯಾಗಿಯೇ ಇರಬೇಕು ಎಂಬುದು ಇದರ ತಾತ್ಪರ್ಯ. ಈ ಪದ್ಧತಿಯು ೧೯೯೦ರ ದಶಕದಲ್ಲಿಯೇ ಮೊಳೆತಿದ್ದರೂ, ೨೦೦೧ನೆಯ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ಸೌಧಗಳು ಉರುಳಿದ ತರುವಾಯ ಬಹಳವಾಗಿ ಬೆಳೆಯಿತು.

ಚಿತ್ರದ ಕಥೆಯು ಸಂಕೀರ್ಣವಾದರೂ ಮುಖ್ಯಾಂಶವು ಸರಳವಾದುದು. ಅನ್ವರ್ ಎಲ್-ಇಬ್ರಾಹಿಮಿ ಎಂಬುವನು ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೋ ನಗರದಲ್ಲಿ ಸಂಸಾರ ಹೂಡಿದ ರಸಾಯನ ಎಂಜಿನಿಯರು. ಅವನ ಹೆಂಡತಿ ಇಸಬೆಲ್ಲ ಅಮೆರಿಕದವಳು. ಒಬ್ಬ ಚಿಕ್ಕ ಮಗನಿದ್ದಾನೆ. ಆಕೆ ಮತ್ತೆ ತುಂಬಿದ ಗರ್ಭಿಣಿ. ಅನ್ವರನು ದಕ್ಷಿಣ ಆಫ್ರಿಕದಲ್ಲಿ ನಡೆದ ಸಮ್ಮೇಳನವೊಂದರಿಂದ ಹಿಂದಿರುಗುತ್ತಿರುವಾಗ ವಿಮಾನನಿಲ್ದಾಣದಲ್ಲಿ ಅವನನ್ನು ಹಿಡಿಯುತ್ತಾರೆ. ಉತ್ತರ ಆಫ್ರಿಕದ ಒಂದು ಪಟ್ಟಣದ ಚೌಕದಲ್ಲಿ ಬಾಂಬು ಸಿಡಿದು ಹಲವರು ಸತ್ತಿದ್ದಾರೆ. ಅಮೆರಿಕದ ಬೇಹುಗಾರನೊಬ್ಬನೂ ಸತ್ತಿದ್ದಾನೆ. ಆ ಕೃತ್ಯದ ಹಿಂದಿರುವನೆನ್ನಲಾದ ಉಗ್ರಗಾಮಿಯ ಕಡೆಯಿಂದ ಅನ್ವರನ ದೂರವಾಣಿಗೆ ಕರೆಗಳು ಬಂದಂತೆ ದಾಖಲೆಯಿದೆ. ಅಷ್ಟೇ ಆಧಾರ. ಕೊರೀನ್ ವಿಟ್‌ಮನ್ ಎಂಬ ಹಿರಿಯ ಅಧಿಕಾರಿಣಿಯ ಒಂದು ಮಾತಿನಿಂದ ಅವನ ತಲೆಗೆ ಮುಸುಕು ಬೀಳುತ್ತದೆ; ವಿಮಾನವು ಮತ್ತೆ ಆಫ್ರಿಕದ ಕಡೆಗೆ ಹಾರುತ್ತದೆ. ಹೆಸರಿಲ್ಲದ ಆ ದೇಶದ ನೆಲಮಾಳಿಗೆಯಲ್ಲಿ ಅಬಾಸಿ ಫವಾಲ್ ಎಂಬ ಅಧಿಕಾರಿಯು ಅವನಿಗಾಗಿ ಕಾದಿದ್ದಾನೆ.

ಇಲ್ಲಿಂದ ಮುಂದೆ ಚಿತ್ರವು ಎರಡು ಬಾಗಿಲುಗಳ ಮುಂದೆ ನಡೆಯುತ್ತದೆ. ಒಳಗಣ ಬಾಗಿಲಿನ ಹಿಂದೆ ಫವಾಲನು ಅನ್ವರನನ್ನು ಕೇಳುತ್ತಿದ್ದಾನೆ. ಹೊರಗಣ ಬಾಗಿಲಿನ ಮುಂದೆ ಇಸಬೆಲ್ಲಳು ತನ್ನ ಸರಕಾರವನ್ನು ಕೇಳುತ್ತಿದ್ದಾಳೆ. ಒಳಗೆ, ಏನನ್ನೂ ತಿಳಿಯದವನು 'ತಿಳಿಯದು' ಎಂದರೆ ಯಾರೂ ನಂಬರು. ಹೊರಗೆ, ಎಲ್ಲವನ್ನೂ ತಿಳಿದವರು 'ತಿಳಿಯದು' ಎಂದರೆ ಆ ಹೆಣ್ಣುಮಗಳು ನಂಬಲೇಬೇಕು! ಒಂದೇ ಮಾತು ಒಂದು ಕಡೆ ಸತ್ಯವಾಗಿ ತಿರಸ್ಕೃತವಾಗುತ್ತದೆ. ಇನ್ನೊಂದು ಕಡೆ ಸುಳ್ಳಾಗಿ ಗದ್ದುಗೆಯೇರಿ ಕೂರುತ್ತದೆ. ಗುಪ್ತಬಂಧನದ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹೊರಗಣ ಕಥೆಯಲ್ಲಿ ಒಂದು ಸಣ್ಣ ಸಂಗತಿಯು ಮನಸ್ಸನ್ನು ಹಿಡಿಯುತ್ತದೆ. ವಿಮಾನದ ಪ್ರಯಾಣಿಕರ ಪಟ್ಟಿಯಿಂದ ಅನ್ವರನ ಹೆಸರನ್ನು ಅಳಿಸಿದ್ದಾರೆ. ಅವನು ಹತ್ತಲೇ ಇಲ್ಲವೆಂಬುದು ದಾಖಲೆಯ ಸಾಕ್ಷ್ಯ. ಆದರೆ ಅವನು ಆಕಾಶದಲ್ಲಿದ್ದಾಗ ವಿಮಾನದೊಳಗಣ ಅಂಗಡಿಯಲ್ಲಿ ಏನನ್ನೋ ಕೊಂಡು, ಕಾರ್ಡಿನ ಮೂಲಕ ಹಣ ಸಲ್ಲಿಸಿದ್ದ ಲೆಕ್ಕವು ಹೆಂಡತಿಯ ಕೈಗೆ ಸಿಗುತ್ತದೆ. ಸರಕಾರದ ಪಟ್ಟಿಯು ಸುಳ್ಳು ಹೇಳಿತು. ಅಂಗಡಿಯ ಚೀಟಿಯು ನಿಜ ಹೇಳಿತು. ಆ ಚೀಟಿಯನ್ನು ಯಾರೂ ಹೊಡೆದಿರಲಿಲ್ಲ, ಹೆದರಿಸಿರಲಿಲ್ಲ. ಅದನ್ನು ಹಿಡಿದು ಆಕೆ ರಾಜಧಾನಿಯಲ್ಲಿ ತನ್ನ ಹಳೆಯ ಗೆಳೆಯನ ಬಳಿಗೆ, ಅವನ ಯಜಮಾನನಾದ ಶಾಸನಸಭಿಕನ ಕಚೇರಿಗೆ ಅಲೆಯುತ್ತಾಳೆ. ಗೆಳೆಯನಿಗೆ ಮರುಕವಿದೆ, ಅದಕ್ಕಿಂತ ಹೆಚ್ಚಾಗಿ ತನ್ನ ಮುಂದಿನ ಏಳಿಗೆಯ ಚಿಂತೆಯಿದೆ. ಇಂಥ ಮರುಕವನ್ನು ಕಾಣದ ಕಚೇರಿಯು ಯಾವ ದೇಶದಲ್ಲಿಯೂ ಇರಲಾರದು.

ಒಳಗಣ ಕಥೆಯಲ್ಲಿ ಡಗ್ಲಸ್ ಫ್ರೀಮನ್ ಎಂಬ ಅಮೆರಿಕದ ತರುಣ ಅಧಿಕಾರಿಯು ನೋಡುತ್ತ ಕುಳಿತುಕೊಳ್ಳಬೇಕಾದವನು. ಅವನು ಹೊಡೆಯುವವನಲ್ಲ, ಬರಿಯ ಸಾಕ್ಷಿ. ಅನ್ವರನನ್ನು ಬೆತ್ತಲೆಯಾಗಿ ಕತ್ತಲೆಯ ಗೂಡಿನಲ್ಲಿ ಇಡುತ್ತಾರೆ, ನೀರಿನಿಂದ ಉಸಿರು ಕಟ್ಟಿಸುತ್ತಾರೆ, ವಿದ್ಯುತ್ತನ್ನು ಮೈಗೆ ಹಾಯಿಸುತ್ತಾರೆ. ಕಡೆಗೆ ಒಂದು ದಿನ ಅವನು 'ಒಪ್ಪಿಕೊಳ್ಳು'ತ್ತಾನೆ. ಹಣದ ಆಸೆಗೆ ಬಾಂಬು ಮಾಡುವವರಿಗೆ ಸಹಾಯ ಮಾಡಿದೆನೆನ್ನುತ್ತಾನೆ. ಕೇಳಿದಾಗ ಜೊತೆಗಾರರ ಹೆಸರುಗಳನ್ನೂ ಹೇಳುತ್ತಾನೆ. ಫವಾಲನಿಗೆ ತೃಪ್ತಿ, ರಾಜಧಾನಿಗೂ ತೃಪ್ತಿ. ಫ್ರೀಮನ್ನನಿಗೆ ಮಾತ್ರ ಸಂದೇಹ. ಅವನು ಆ ಹೆಸರುಗಳನ್ನು ಹುಡುಕಿಸಿದಾಗ, ಅವು ಅನ್ವರನು ಊರು ಬಿಟ್ಟ ೧೯೯೦ನೆಯ ವರ್ಷದ ಈಜಿಪ್ಟಿನ ಕಾಲ್ಚೆಂಡಿನ ತಂಡದ ಆಟಗಾರರ ಹೆಸರುಗಳೆಂದು ತಿಳಿಯುತ್ತದೆ! ನೋವಿನಿಂದ ಬಿಡುಗಡೆಗಾಗಿ ಹೆಸರುಗಳು ಬೇಕಾಗಿದ್ದವು; ನೆನಪಿನ ಚೀಲದಲ್ಲಿ ತಡಕಿದವನಿಗೆ ಹರೆಯದಲ್ಲಿ ಮೆಚ್ಚಿದ್ದ ಆಟಗಾರರು ಸಿಕ್ಕಿದರು. ನಗಬೇಕೋ ಅಳಬೇಕೋ ತಿಳಿಯದ ಘಳಿಗೆಯಿದು.

ಈ ಘಳಿಗೆಯನ್ನು ಅರ್ಥಮಾಡಿಕೊಳ್ಳಲು ಆಫ್ರಿಕದ ನೆಲಮಾಳಿಗೆಗೇ ಹೋಗಬೇಕಾದುದಿಲ್ಲ. ಮೈಸೂರು ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೂವತ್ತೈದು ವರುಷಗಳ ಹಿಂದೆ ನಡೆದ ಸಂಗತಿಯೊಂದುಂಟು. ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ್ದ ನೂರ ನಲವತ್ತು ರೂಪಾಯಿ ಉಪಾಧ್ಯಾಯರ ಮೇಜಿನ ಖಾನೆಯಲ್ಲಿ ಕಾಣಲಿಲ್ಲ. ಅಂದು ಬೆಳಗ್ಗೆ ಕೊಠಡಿ ಗುಡಿಸಿದ ಹುಡುಗನು ಬಡವರ ಮನೆಯವನು. ಸಂಶಯಕ್ಕೆ ಅಷ್ಟು ಸಾಕಾಯಿತು. ಉಪಾಧ್ಯಾಯರು ಕೆಟ್ಟವರಲ್ಲ; ಮಕ್ಕಳ ದುಡ್ಡಿನ ಹೊಣೆಯು ಅವರನ್ನು ಹಿಂಡುತ್ತಿತ್ತು. ಬೆತ್ತ ಹಿಡಿದು ಕೇಳಿದರು. ಮೂರು ಏಟಿನವರೆಗೆ ಹುಡುಗನು 'ಗೊತ್ತಿಲ್ಲ ಸ್ವಾಮಿ' ಎಂದನು. ನಾಲ್ಕನೆಯದಕ್ಕೆ 'ನಾನೇ ತೆಗೆದೆ' ಎಂದನು. ಎಲ್ಲಿಟ್ಟೆ ಎಂದರೆ, ಬಾವಿಯ ಕಟ್ಟೆಯ ಕಲ್ಲಿನ ಸಂದಿಯಲ್ಲಿ ಎಂದನು, ಅಲ್ಲಿರಲಿಲ್ಲ. ಮತ್ತೆ ಕೇಳಿದರೆ, ಸಂತೆಯಲ್ಲಿ ಬಳೆಗಾರನಿಗೆ ಕೊಟ್ಟೆನೆಂದನು; ಅಂದು ಸಂತೆಯೇ ಇರಲಿಲ್ಲ. ಇನ್ನೂ ಕೇಳಿದರೆ, ಸೋದರಮಾವನಿಗೆ ಕೊಟ್ಟುಕಳುಹಿಸಿದೆನೆಂದನು. ಮೂರನೆಯ ದಿನ ಹಣವು ಹಾಜರಿ ಪುಸ್ತಕದ ರಟ್ಟಿನ ಹೊದಿಕೆಯೊಳಗೆ, ಭದ್ರವಾಗಿರಲೆಂದು ಉಪಾಧ್ಯಾಯರೇ ಇಟ್ಟು ಮರೆತಿದ್ದ ಕಡೆಯಲ್ಲಿ, ಸಿಕ್ಕಿತು.

ಬಾವಿಯ ಕಟ್ಟೆ, ಬಳೆಗಾರ, ಸೋದರಮಾವ: ಆ ಹುಡುಗನ ಕಾಲ್ಚೆಂಡಿನ ತಂಡವಿದು. ಪ್ರವಾಸವು ನಡೆಯಿತು, ಹುಡುಗನೂ ಹೋಗಿಬಂದನು. ಆದರೆ ಆ ವರುಷವೆಲ್ಲ ತರಗತಿಯಲ್ಲಿ ಯಾವ ಪ್ರಶ್ನೆಗೂ ಅವನು ಕೈಯೆತ್ತಲಿಲ್ಲ. ಮೊದಲು ಚುರುಕಾಗಿ ಉತ್ತರ ಹೇಳುತ್ತಿದ್ದವನು.

ಕನ್ನಡದಲ್ಲಿ 'ವಿಚಾರಿಸು' ಎಂಬ ಮಾತಿಗೆ ಎರಡು ಮುಖಗಳಿವೆ. ನೆಂಟರು ಬಂದರೆ ಯೋಗಕ್ಷೇಮವನ್ನು ವಿಚಾರಿಸುತ್ತೇವೆ, ಹಸಿದವನನ್ನು ವಿಚಾರಿಸಿಕೊಳ್ಳುತ್ತೇವೆ. ಕೋಪಗೊಂಡವನೂ 'ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ' ಎನ್ನುತ್ತಾನೆ. ಒಂದೇ ಕ್ರಿಯಾಪದವು ಆದರವೂ ಆಗಿ ಬೆದರಿಕೆಯೂ ಆಗಿರುವುದು ಆಲೋಚಿಸತಕ್ಕ ವಿಷಯ. ವಿಚಾರವಿಲ್ಲದ ವಿಚಾರಣೆಯು ಎರಡನೆಯ ಅರ್ಥಕ್ಕೇ ಸೇರಿದುದು.

ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿ, ಆಪ್ತನಾದವನ ಮಾತು ಮಾತ್ರವೇ ಶಬ್ದಪ್ರಮಾಣವೆಂದು ನಿಯಮಿಸಿದರು. ಆಪ್ತನೆಂದರೆ ನೆಂಟನಲ್ಲ. ವಿಷಯವನ್ನು ತಾನು ಚೆನ್ನಾಗಿ ಅರಿತು, ಅರಿತಂತೆಯೇ ಇನ್ನೊಬ್ಬರಿಗೆ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟಪಡಿಸಿದ್ದಾನೆ. ಎಂದ ಮೇಲೆ ನುಡಿಯುವವನ ಕುಲದೇಶಗಳು ಇಲ್ಲಿ ಲೆಕ್ಕಕ್ಕಿಲ್ಲ. ಬೇಕಾದವು ಅರಿವು, ತಿಳಿಸುವ ಇಚ್ಛೆ, ಇವೆರಡು. ಚಿತ್ರಹಿಂಸೆಯು ಮಾಡುವ ಕೆಲಸವು ಇವುಗಳಲ್ಲಿ ಎರಡನೆಯದನ್ನು ಕೊಂದುಹಾಕುವುದು. ನೋವಿಗೆ ಸಿಕ್ಕಿದವನ ಇಚ್ಛೆಯು ತಿಳಿಸುವುದರಲ್ಲಿಲ್ಲ, ನಿಲ್ಲಿಸುವುದರಲ್ಲಿದೆ. ಅವನ ಬಾಯಿಂದ ಹೊರಟುದು ನಿಜವಾದರೂ ಆಗಬಹುದು, ಸುಳ್ಳಾದರೂ ಆಗಬಹುದು, ಪ್ರಮಾಣವಂತೂ ಆಗಲಾರದು. ಗಾಣದಲ್ಲಿ ಎಳ್ಳನ್ನು ಹಾಕಿದರೆ ಎಣ್ಣೆ ಬರುವುದು ಸರಿ. ಮರಳನ್ನು ಹಾಕಿದರೂ ಎಣ್ಣೆಯೇ ಬಂದಂತೆ ಕಾಣಿಸುವ ವಿಲಕ್ಷಣವಾದ ಗಾಣವಿದು.

ರಾಜನೀತಿಯಲ್ಲಿ ನುರಿತವರಿಗೂ ಈ ಮರ್ಮವು ತಿಳಿಯದೆ ಇರಲಿಲ್ಲ. ಮೈಸೂರಿನ ಸರಕಾರೀ ಪ್ರಾಚ್ಯಪುಸ್ತಕಭಂಡಾರದಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅವರಿಂದಲೇ ಅಚ್ಚಾಗಿ ಲೋಕಪ್ರಸಿದ್ಧವಾದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ಮಾತಿನಿಂದಲೂ ದಂಡನೆಯಿಂದಲೂ ವಿಚಾರಣೆ ನಡೆಸುವುದನ್ನು ಕುರಿತ ಅಧ್ಯಾಯವೊಂದಿದೆ. ಕೌಟಿಲ್ಯನು ದಯಾಮೂರ್ತಿಯಲ್ಲ, ಹಲವು ಬಗೆಯ ಹಿಂಸೆಗಳನ್ನು ಅಲ್ಲಿ ಎಣಿಸಿಯೇ ಇದ್ದಾನೆ. ಆದರೂ ಬಾಲರು, ವೃದ್ಧರು, ರೋಗಿಗಳು, ಹುಚ್ಚರು, ಹಸಿವು ಬಾಯಾರಿಕೆಗಳಿಂದ ಬಳಲಿದವರು, ದುರ್ಬಲರು ಮುಂತಾದವರನ್ನು ಅದರಿಂದ ಹೊರಗಿಡಲು ಹೇಳುತ್ತಾನೆ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಕಳ್ಳನಲ್ಲದವನೂ ಕಳ್ಳರ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿಬೀಳಬಹುದು. ಆಣಿಮಾಂಡವ್ಯನಂತೆ ಹಿಂಸೆಯ ಭಯದಿಂದ ತಾನೇ ಕಳ್ಳನೆಂದು ಹೇಳಿಬಿಡಬಹುದು. ಆದಕಾರಣ ಸಾಕ್ಷ್ಯವು ಪೂರ್ತಿಯಾದ ಮೇಲೆಯೇ ನಿರ್ಣಯ ಮಾಡತಕ್ಕದ್ದು ಎಂಬುದು ಅದರ ಭಾವ. ಎರಡು ಸಾವಿರ ವರುಷಗಳಷ್ಟು ಹಿಂದೆ, ಹಿಂಸೆಯನ್ನು ಒಪ್ಪಿದ ಗ್ರಂಥಕಾರನೇ ಹಿಂಸೆಯಿಂದ ಹೊರಟ ಮಾತನ್ನು ಒಪ್ಪಲು ಹಿಂಜರಿದನು.

ಮಹಾಭಾರತದ ಮಾಂಡವ್ಯನ ಕಥೆಯು ಇದಕ್ಕಿಂತ ಬೇರೆ. ಅಲ್ಲಿ ಅವನು ಮೌನವ್ರತದಲ್ಲಿದ್ದ ಮುನಿ. ಕಳ್ಳರು ಅವನ ಆಶ್ರಮದಲ್ಲಿ ಕದ್ದ ಒಡವೆಯೊಡನೆ ಅಡಗಿದಾಗ ರಾಜಭಟರು ಬಂದು ಕೇಳಿದರು, ಅವನು ಉತ್ತರ ಕೊಡಲಿಲ್ಲ, ಶೂಲಕ್ಕೇರಿದನು. ತಪೋಬಲದಿಂದ ಸಾಯಲಿಲ್ಲ. ರಾಜನು ತಪ್ಪನ್ನರಿತು ಕಾಲಿಗೆ ಬಿದ್ದನು. ಆದರೆ ಮೈಯೊಳಗೆ ನಟ್ಟಿದ್ದ ಶೂಲದ ತುಂಡು ಹೊರಬರಲಿಲ್ಲ. ಹೊರಗಣ ಭಾಗವನ್ನು ಕತ್ತರಿಸಿ ತೆಗೆದರು. ಒಳಗಣ ಆಣಿಯೊಡನೆಯೇ ಅವನು ಲೋಕವನ್ನು ಸುತ್ತಿದನು. ಒಂದು ಕಥೆಯಲ್ಲಿ ಮಾತನಾಡಿ ಕೆಟ್ಟನು, ಇನ್ನೊಂದರಲ್ಲಿ ಮಾತನಾಡದೆ ಕೆಟ್ಟನು. ರಾಜನು ಕ್ಷಮೆ ಕೇಳಿದರೂ ಆಣಿಯು ಒಳಗೇ ಉಳಿಯುತ್ತದೆಂಬ ಮಾತು ಮರೆಯಬಾರದುದು.

ಇಲ್ಲಿ ಪೂರ್ವಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಚಿತ್ರದಲ್ಲಿ ಮೆರಿಲ್ ಸ್ಟ್ರೀಪ್ ಅಭಿನಯಿಸಿದ ವಿಟ್‌ಮನ್ ಮೂರ್ಖಳಲ್ಲ, ರಾಕ್ಷಸಿಯೂ ಅಲ್ಲ. ಇಂಥ ವಿಚಾರಣೆಯಿಂದ ದೊರೆತ ಸುಳಿವಿನಿಂದಲೇ ದೂರದ ನಗರವೊಂದರಲ್ಲಿ ಸಾವಿರಾರು ಮಂದಿ ಜೀವದಿಂದುಳಿದಿದ್ದಾರೆಂಬುದು ಆಕೆಯ ವಾದ. ಬಾಂಬು ಸಿಡಿದ ಚೌಕದಲ್ಲಿ ಸತ್ತವರಿಗೂ ತಾಯಿತಂದೆಗಳಿಲ್ಲವೇ? ಒಬ್ಬನ ನೋವಿನಿಂದ ನೂರು ಮನೆಗಳ ಅಳು ತಪ್ಪುವುದಾದರೆ, ಆ ನೋವಿಗೆ ಅಂಜುವುದು ಧರ್ಮವೇ? ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಈ ವಾದವು ಒಂದು ಗುಟ್ಟಾದ ಊಹೆಯ ಮೇಲೆ ನಿಂತಿದೆ: ಹಿಡಿದವನು ತಿಳಿದವನೇ ಎಂಬುದು. ಅದು ಮೊದಲೇ ನಿಶ್ಚಯವಾಗಿದ್ದರೆ ವಿಚಾರಣೆಯ ಅಗತ್ಯವೇ ಬಹುಮಟ್ಟಿಗೆ ಇರದು. ನಿಶ್ಚಯವಾಗದಿದ್ದರೆ ಹಿಂಸೆಯು ಆ ನಿಶ್ಚಯವನ್ನು ತಂದುಕೊಡಲಾರದು. ಇದಕ್ಕೆ ಚಲಚ್ಚಿತ್ರದ ಕಲ್ಪನೆಯೇ ಬೇಡ. ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬುವನನ್ನು ೨೦೦೧ರ ಕೊನೆಯಲ್ಲಿ ಹಿಡಿದು, ಮುಂದೆ ಈಜಿಪ್ಟಿಗೆ ಒಪ್ಪಿಸಿದರು. ಇವನು ಉಗ್ರಗಾಮಿಗಳ ಶಿಬಿರವನ್ನು ನಡೆಸಿದವನೇ, ನಿರಪರಾಧಿಯಲ್ಲ. ಹಿಂಸೆಯ ನಡುವೆ ಅವನು, ಇರಾಕ್ ದೇಶವು ಅಲ್-ಖೈದಾದವರಿಗೆ ರಾಸಾಯನಿಕ ಅಸ್ತ್ರಗಳಲ್ಲಿ ಶಿಕ್ಷಣ ಕೊಟ್ಟಿತೆಂದು ಹೇಳಿದನು. ೨೦೦೩ನೆಯ ಫೆಬ್ರವರಿ ೫ರಂದು ವಿದೇಶಾಂಗ ಸಚಿವ ಕಾಲಿನ್ ಪವೆಲ್ ಅವರು ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣದಲ್ಲಿ ಆ ಹೇಳಿಕೆಯು ಆಧಾರವಾಗಿ ಸೇರಿತು; ಮರು ತಿಂಗಳೇ ಯುದ್ಧವು ಮೊದಲಾಯಿತು. ೨೦೦೪ರಲ್ಲಿ ಅವನು ತನ್ನ ಮಾತನ್ನು ಹಿಂತೆಗೆದುಕೊಂಡನು. ನೂರು ಮನೆಗಳ ಅಳುವನ್ನು ತಪ್ಪಿಸುವುದೆಂದು ಹೊಗಳಲ್ಪಟ್ಟ ಉಪಾಯವು ಎಷ್ಟು ಸಾವಿರ ಮನೆಗಳ ಅಳುವಿಗೆ ನೆರವಾಯಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅಪರಾಧಿಯ ಬಾಯಿಂದ ಬಂದರೂ ನೋವಿನ ಮಾತು ಪ್ರಮಾಣವಲ್ಲ.

ನಿರಪರಾಧಿಯ ಕಥೆಯೂ ಇದೆ. ಸಿರಿಯಾದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾದ ಮಾಹೇರ್ ಅರಾರ್ ಎಂಬ ಎಂಜಿನಿಯರು ೨೦೦೨ನೆಯ ಸೆಪ್ಟೆಂಬರ್ ೨೬ರಂದು ಟ್ಯುನೀಸಿಯದಿಂದ ಮನೆಗೆ ಹಿಂದಿರುಗುತ್ತ ನ್ಯೂಯಾರ್ಕಿನಲ್ಲಿ ವಿಮಾನ ಬದಲಿಸುವಾಗ ಸೆರೆಯಾದರು. ಅಕ್ಟೋಬರ್ ತಿಂಗಳಲ್ಲಿ ಅವರನ್ನು ಜೋರ್ಡಾನಿನ ಮೂಲಕ ಸಿರಿಯಾಕ್ಕೆ ಸಾಗಿಸಿದರು. ಮೂರು ಅಡಿ ಅಗಲ, ಆರು ಅಡಿ ಉದ್ದ, ಏಳು ಅಡಿ ಎತ್ತರದ ಕೋಣೆಯಲ್ಲಿ ಹತ್ತು ತಿಂಗಳಿಗೂ ಮಿಕ್ಕು ಇಟ್ಟರು. ತಂತಿಯ ಹಗ್ಗದಿಂದ ಹೊಡೆದರು. ಅವರು ಎಂದೂ ಹೋಗದ ಆಫ್ಘಾನಿಸ್ತಾನಕ್ಕೆ ಹೋಗಿದ್ದೆನೆಂದು ಒಪ್ಪಿಕೊಂಡರು. ಊರಿನಲ್ಲಿ ಅವರ ಪತ್ನಿ ಮೋನಿಯಾ ಮಾಜಿಗ್ ಎರಡು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬಾಗಿಲು ಬಾಗಿಲಿಗೂ ಹೋಗಿ ಕೇಳಿದರು, ಕೇಳುವುದನ್ನು ನಿಲ್ಲಿಸಲಿಲ್ಲ. ೨೦೦೩ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಅವರ ಆಯೋಗವು ೨೦೦೬ರಲ್ಲಿ ಅರಾರರ ಮೇಲೆ ಯಾವ ಅಪರಾಧಕ್ಕೂ ಆಧಾರವಿಲ್ಲವೆಂದು ಸಾರಿತು. ೨೦೦೭ನೆಯ ಜನವರಿಯಲ್ಲಿ ಕೆನಡಾ ಸರಕಾರವು ಕ್ಷಮೆ ಬೇಡಿ ೧೦೫ ಲಕ್ಷ ಕೆನಡಾ ಡಾಲರುಗಳ ಪರಿಹಾರವಿತ್ತಿತು. ಅಮೆರಿಕದ ನ್ಯಾಯಾಲಯಗಳಲ್ಲಿ ಮಾತ್ರ ಅವರ ಮೊಕದ್ದಮೆಯು ನಿಲ್ಲಲಿಲ್ಲ. ೨೦೧೦ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಅಮೆರಿಕದ ಬೇಹುಗಾರಿಕೆಯ ಇಲಾಖೆಯು ತನ್ನ ಗುಪ್ತ ಸೆರೆಮನೆಗಳಲ್ಲಿ ಇಟ್ಟವರ ಲೆಕ್ಕವನ್ನು ಆ ದೇಶದ ಸೆನೆಟ್ ಸಭೆಯ ಸಮಿತಿಯೇ ೨೦೧೪ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಒಟ್ಟು ೧೧೯ ಮಂದಿ. ಅವರಲ್ಲಿ ಕನಿಷ್ಠ ಪಕ್ಷ ೨೬ ಮಂದಿಯನ್ನು ಆ ಇಲಾಖೆಯ ನಿಯಮದಂತೆಯೇ ನೋಡಿದರೂ ಹಿಡಿದಿಡಬಾರದಾಗಿತ್ತು. ಆ ಸೆರೆಮನೆಗಳನ್ನು ಮುಚ್ಚಲು ೨೦೦೯ನೆಯ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಅವರ ಆಜ್ಞೆ ಹೊರಟಿತ್ತು. ತಪ್ಪು ಮಾಡಿದ ರಾಜ್ಯವೇ ತನ್ನ ತಪ್ಪಿನ ಲೆಕ್ಕವನ್ನು ತಾನೇ ಅಚ್ಚುಹಾಕಿಸಿದುದು ಸಣ್ಣ ಮಾತಲ್ಲ. ಅಷ್ಟರ ಮಟ್ಟಿಗೆ ಅದನ್ನು ಮೆಚ್ಚಬೇಕು.

ಇದೆಲ್ಲ ಪರದೇಶದ ಪಾಪವೆಂದು ಮೈಕೊಡವಿಕೊಳ್ಳುವಂತೆಯೂ ಇಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ನೆಯ ಮಾರ್ಚ್ ಮೊದಲನೆಯ ತಾರೀಖು, ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್ ಎಂಬ ತರುಣನನ್ನು ಪೋಲೀಸರು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ಅವನು ಹಿಂದಿರುಗಲಿಲ್ಲ, ಶವವೂ ಸಿಗಲಿಲ್ಲ. ತಂದೆ ಈಚ್ಚರ ವಾರಿಯರ್ ಹಿಂದೀ ಭಾಷೆಯ ಅಧ್ಯಾಪಕರು. ಕಂಡಕಂಡ ಅಧಿಕಾರಿಗಳನ್ನೆಲ್ಲ ಕೇಳಿದರು. ೧೯೭೭ರಲ್ಲಿ ತುರ್ತುಪರಿಸ್ಥಿತಿಯು ಮುಗಿದೊಡನೆ ಕೇರಳದ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿ, ಮಗನನ್ನು ತಂದು ತೋರಿಸಿರೆಂದು ಬೇಡಿದರು. ಅಲ್ಲಿಯವರೆಗೆ 'ಹಿಡಿದೇ ಇಲ್ಲ' ಎಂದಿದ್ದ ಮಾತು ಆಗ ಕುಸಿಯಿತು. ಮುಖ್ಯಮಂತ್ರಿಗಳು ಪದವಿ ಬಿಡಬೇಕಾಯಿತು. ಮುಂದೆ ಶಾಜಿ ಎನ್. ಕರುಣ್ ಅವರು ನಿರ್ದೇಶಿಸಿದ 'ಪಿರವಿ' ಎಂಬ ಮಲಯಾಳ ಚಿತ್ರದಲ್ಲಿ, ಬಾರದ ಮಗನಿಗಾಗಿ ದಿನವೂ ಬಸ್ಸಿನ ದಾರಿ ಕಾಯುವ ಮುದುಕ ತಂದೆಯೊಬ್ಬನಿದ್ದಾನೆ. ಅದರಲ್ಲಿ ನೆಲಮಾಳಿಗೆಯನ್ನು ತೋರಿಸುವುದಿಲ್ಲ. ಕಾಯುವವನ ಮುಖವನ್ನು ಮಾತ್ರ ತೋರಿಸುತ್ತಾರೆ. ಅದನ್ನು ನೋಡಿದವರು 'ರೆಂಡಿಷನ್' ಚಿತ್ರದ ಇಸಬೆಲ್ಲಳನ್ನು ಪರಕೀಯಳೆಂದು ಭಾವಿಸಲಾರರು.

ಬಂಧಿತನನ್ನು ಇಪ್ಪತ್ತುನಾಲ್ಕು ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ ೨೨ನೆಯ ವಿಧಿಯು ಹೇಳುತ್ತದೆ. ನಿವಾರಕ ಬಂಧನಕ್ಕೆ ಅಲ್ಲಿ ವಿನಾಯಿತಿಯುಂಟು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯು ಸಾಕ್ಷ್ಯವಾಗದೆಂದು ೧೮೭೨ರ ಸಾಕ್ಷ್ಯ ಶಾಸನವು ವಿಧಿಸಿತ್ತು. ಅದರ ಸ್ಥಾನದಲ್ಲಿ ೨೦೨೪ನೆಯ ಜುಲೈ ಒಂದರಿಂದ ಜಾರಿಗೆ ಬಂದ ಹೊಸ ಶಾಸನವೂ ಆ ನಿಯಮವನ್ನು ಉಳಿಸಿಕೊಂಡಿದೆ. ಹಿಡಿದ ಸುದ್ದಿಯನ್ನು ಆಪ್ತರಿಗೆ ತಿಳಿಸಲೇಬೇಕೆಂದು ಪರಮೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ ಆದೇಶಿಸಿತು. ಇವು ಅಪರಾಧಿಗಳ ಮೇಲಣ ಮೋಹದಿಂದ ಹುಟ್ಟಿದ ನಿಯಮಗಳಲ್ಲ. ಮೊದಲನೆಯದು ಹೊರಗಣ ಕತ್ತಲೆಯನ್ನು ಕಳೆಯುತ್ತದೆ, ಎರಡನೆಯದು ಒಳಗಣ ನೋವಿನ ಬೆಲೆಯನ್ನು ಇಳಿಸುತ್ತದೆ, ಮೂರನೆಯದು ಬಾಗಿಲಲ್ಲಿ ನಿಂತವಳಿಗೆ ಉತ್ತರ ಕೊಡುತ್ತದೆ. ಕಾಗದದ ಮೇಲಿರುವುದು ಠಾಣೆಯಲ್ಲಿ ಎಷ್ಟು ನಡೆಯುತ್ತದೆಂಬುದು ಬೇರೆಯ ಪ್ರಶ್ನೆ. ಅದನ್ನು ಕೇಳುತ್ತಿರುವುದು ಪ್ರಜೆಗಳ ಕರ್ತವ್ಯ.

ಚಿತ್ರದಲ್ಲಿ ದೋಷಗಳಿಲ್ಲದಿಲ್ಲ. ಫ್ರೀಮನ್ನನ ಅಂತಃಕರಣವು ಎಚ್ಚೆತ್ತು, ಅವನೇ ಅನ್ವರನನ್ನು ಸೆರೆಯಿಂದ ಹೊರತಂದು ಹಡಗು ಹತ್ತಿಸುತ್ತಾನೆ. ಪತ್ರಿಕೆಗಳಿಗೆ ಸುದ್ದಿಯನ್ನೂ ಮುಟ್ಟಿಸುತ್ತಾನೆ. ನಿಜವಾದ ಜೀವನದಲ್ಲಿ ಅಂಥ ಒಬ್ಬ ಫ್ರೀಮನ್ನನನ್ನು ನಂಬಿ ಕುಳಿತಿದ್ದರೆ ಅರಾರರು ಹೊರಬರುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದುವು ಪತ್ನಿಯ ಹಟ, ಪತ್ರಿಕೆಗಳು. ಆದರೆ ಇನ್ನೊಂದು ಕಡೆ ಚಿತ್ರವು ಬಹಳ ಆಳಕ್ಕೆ ಹೋಗಿದೆ. ಹಿಂಸಿಸುವ ಫವಾಲನು ಮನೆಯಲ್ಲಿ ಮಗಳನ್ನು ಪ್ರೀತಿಸುವ ತಂದೆ. ಅವನ ಮಗಳು ಫಾತಿಮಾ, ಖಾಲಿದ್ ಎಂಬ ತರುಣನಿಗೆ ಒಲಿದು ಮನೆ ಬಿಟ್ಟಿದ್ದಾಳೆ. ಆ ತರುಣನ ಅಣ್ಣನು ಫವಾಲನ ಸೆರೆಮನೆಯಲ್ಲಿಯೇ ಸತ್ತವನು. ಚೌಕದಲ್ಲಿ ಸಿಡಿದ ಬಾಂಬು ಫವಾಲನಿಗೆಂದೇ ಇಟ್ಟ ಬಾಂಬು. ಅದರಲ್ಲಿ ಫಾತಿಮಾ ಸತ್ತಿದ್ದಾಳೆ. ಮಗಳ ಕಥೆಯು ಮೊದಲು ನಡೆದುದು, ಅನ್ವರನ ಕಥೆಯು ಆಮೇಲೆ ನಡೆಯುತ್ತಿರುವುದು ಎಂಬುದು ಕೊನೆಯಲ್ಲಿ ಮಾತ್ರ ನೋಡುಗರಿಗೆ ತಿಳಿಯುತ್ತದೆ. ನೆಲಮಾಳಿಗೆಯಲ್ಲಿ ಅವನು ಅನ್ವರನನ್ನು 'ಹೇಳು, ಹೇಳು' ಎಂದು ಹಿಂಡುತ್ತಿದ್ದ ದಿನಗಳಲ್ಲೆಲ್ಲ, ತನ್ನ ಮಗಳು ಎಲ್ಲಿದ್ದಾಳೆಂಬ ಪ್ರಶ್ನೆಗೆ ಅವನಿಗೇ ಉತ್ತರ ತಿಳಿದಿರಲಿಲ್ಲ. ಅವನಿಗೆ ಬೇಕಾಗಿದ್ದ ಉತ್ತರವು ಅನ್ವರನ ಬಾಯಲ್ಲಿ ಇರಲಿಲ್ಲ. ತಾನು ಹಿಂದೆ ಕೇಳಿದ್ದ ಇಂಥವೇ ಪ್ರಶ್ನೆಗಳ ಫಲದಲ್ಲಿ ಇತ್ತು.

ಹಳ್ಳಿಯ ಶಾಲೆಯ ಆ ಉಪಾಧ್ಯಾಯರು ಹಣ ಸಿಕ್ಕಿದ ದಿನವೇ ಬೆತ್ತವನ್ನು ಅಟ್ಟದ ಮೇಲೆ ಎಸೆದರಂತೆ. ಎಷ್ಟೋ ವರುಷಗಳ ಮೇಲೆ ಆ ಹುಡುಗನು ದೊಡ್ಡವನಾಗಿ, ತಂಗಿಯ ಮದುವೆಯ ಲಗ್ನಪತ್ರಿಕೆಯನ್ನು ಹಿಡಿದು ಅವರ ಮನೆಗೆ ಬಂದನು. ಅಕ್ಷತೆಯನ್ನು ಕೈಯಲ್ಲಿಟ್ಟು ಕಾಲು ಮುಟ್ಟಿದನು. ಉಪಾಧ್ಯಾಯರು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಪ್ಪ, ನೀನು ತೆಗೆದಿರಲಿಲ್ಲ, ತೆಗೆದೆ ಎಂದು ಏಕೆ ಹೇಳಿದೆ?" ಎಂದು ಕೇಳಿದರು.

ಅವನು ನಗುತ್ತ, "ಗೊತ್ತಿಲ್ಲ ಅಂದರೆ ತಾವು ಕೇಳುವುದನ್ನು ನಿಲ್ಲಿಸಲಿಲ್ಲವಲ್ಲ ಮೇಷ್ಟ್ರೇ," ಎಂದನು.

ಆಮೇಲೆ ಒಳಗಿನಿಂದ ಕಾಫಿ ಬಂದಿತು. ಇಬ್ಬರೂ ಕುಡಿದರು.